ಮೂತ್ರಕೋಶದ ಗೋಡೆಯಲ್ಲಿ ಕ್ಯಾಲ್ಸಿಯಂ ಕಟ್ಟಿದೆ ಅಂತ ಸ್ಕ್ಯಾನಿಂಗ್ ರಿಪೋರ್ಟ್ ಬಂದಿದೆ. ಕವಳದ (ಎಲೆ ಅಡಿಕೆಯ) ಸುಣ್ಣ ಬಿಟ್ಟರೆ ಕರಗುತ್ತದೆಯೇ?

ಸುಣ್ಣದ ಮೇಲೆ ಸಿಟ್ಟು ಬೇಡ. ಕವಳ ಬಿಟ್ಟರೆ ಬಾಯಿಗೆ ಒಳ್ಳೆಯದೇ, ಆದರೆ ಮೂತ್ರಕೋಶದ ಕತೆ ಬೇರೆ. ನಾನೂ ಹೀಗೇ ನಮ್ಮ ಆಯಿಯ ಸುಣ್ಣದ ಡಬ್ಬಿ ಕಸಿದು ಅಡಗಿಸಿಟ್ಟಿದ್ದೆ.

ನಾವು ಕುಮಟಾದವರು. ಆಯಿಗೆ ಗಂಟೆಗೊಮ್ಮೆ ಮೂತ್ರ, ಉರಿ. ರಾತ್ರಿ ಏಳೆಂಟು ಸಲ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಬಾಳೆದಿಂಡಿನ ರಸ, ಬಾರ್ಲಿ ನೀರು ಎಲ್ಲ ಆಯಿತು. ಉರಿ ಹೆಚ್ಚಾದಾಗಲೆಲ್ಲ ಹಳೇ ಚೀಟಿ ತೋರಿಸಿ ಸಿಪ್ರೊಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ತಂದುಕೊಡುತ್ತಿದ್ದವನು ನಾನೇ. ನಾಲ್ಕು ದಿನ ಕಡಿಮೆ, ಮತ್ತೆ ಶುರು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಮೂತ್ರದ ರಿಪೋರ್ಟಿನಲ್ಲಿ ಪ್ರತಿ ಸಲ ಮೇಲೆ ‘ಪಸ್ ಸೆಲ್ಸ್ ಪ್ಲೆಂಟಿ’, ಕೆಳಗೆ ಕಲ್ಚರ್ (ಮೂತ್ರದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ‘ನೋ ಗ್ರೋತ್’. ಕೆಳಗಿನ ಸಾಲು ಓದಿ ಸೋಂಕಿಲ್ಲ ಅಂತ ನೆಮ್ಮದಿಪಟ್ಟೆ. ಎರಡನ್ನೂ ಕೂಡಿಸಿ ಓದಬೇಕಿತ್ತು. ಕೀವು ತುಂಬಿದೆ, ಕಲ್ಚರಿನಲ್ಲಿ ಏನೂ ಬೆಳೆಯುತ್ತಿಲ್ಲ ಅಂದರೆ ಕ್ಷಯದ ಅನುಮಾನ ಬರಲೇಬೇಕು. ಆ ಬ್ಯಾಕ್ಟೀರಿಯಾ ಮಾಮೂಲಿ ಕಲ್ಚರಿನಲ್ಲಿ ಬೆಳೆಯುವುದೇ ಇಲ್ಲ. ಮೇಲಿಂದ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆ ಕ್ಷಯವನ್ನು ಅರ್ಧಂಬರ್ಧ ಅದುಮಿಬಿಡುತ್ತದೆ. ಮಾತ್ರೆ ನುಂಗಿಸಿ, ಆಮೇಲೆ ಮೂತ್ರ ಕೊಟ್ಟರೆ ಏನು ಸಿಕ್ಕೀತು? ಕೆಮ್ಮೇ ಇಲ್ಲದ ಆಯಿಗೆ ಕ್ಷಯ ಅನ್ನುವುದು ನನಗೆ ಹೊಳೆಯಲೂ ಇಲ್ಲ. ಒಂದೂವರೆ ವರ್ಷ ಹೋಯಿತು.

ಕೊನೆಗೆ ಮಂಗಳೂರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಮೂತ್ರಕೋಶದ ಗೋಡೆಯಲ್ಲಿ ಕ್ಯಾಲ್ಸಿಯಂ, ಎಡ ಕಿಡ್ನಿಯಲ್ಲೂ. ಮೂರು ದಿನ ಬೆಳಗಿನ ಮೊದಲ ಮೂತ್ರದ ಪರೀಕ್ಷೆ, ಮೂತ್ರಕೋಶದೊಳಗೆ ಕ್ಯಾಮೆರಾ ನಳಿಕೆ ಬಿಟ್ಟು ನೋಡುವ ಸಿಸ್ಟೋಸ್ಕೋಪಿ, ಗೋಡೆಯ ಚೂರು ತೆಗೆದು ಬಯಾಪ್ಸಿ. ಕ್ಷಯವೇ. 6 ತಿಂಗಳ ಮಾತ್ರೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು, ಕ್ಷಯ ಹೋಯಿತು. ಎಡ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಆಗಲೇ ಕಟ್ಟಿಕೊಂಡಿತ್ತು. ಎಡ ಕಿಡ್ನಿ ಉಳಿಯಲಿಲ್ಲ.

ಆದ್ದರಿಂದ ಕರಗಿಸುವ ಮಾತು ಬಿಡಿ. ಗೋಡೆಗೆ ಗಾಯವಾದಲ್ಲಿ ಕ್ಯಾಲ್ಸಿಯಂ ಕೂರುತ್ತದೆ. ಗಾಯ ಯಾತರಿಂದ ಅಂತ ಹುಡುಕಿಸಿ. ಕ್ಯಾನ್ಸರ್ ಗಡ್ಡೆಯ ಮೇಲೂ ಅದು ಕಟ್ಟುತ್ತದೆ. ಬೀಡಿ, ಸಿಗರೇಟು ಸೇದುವವರಾದರೆ, ಮೂತ್ರದಲ್ಲಿ ರಕ್ತ ಕಂಡಿದ್ದರೆ ಸಿಸ್ಟೋಸ್ಕೋಪಿಯನ್ನು ಒಂದು ದಿನವೂ ಮುಂದೂಡಬೇಡಿ. ಹಿಂದೆ ರೇಡಿಯೇಶನ್ ಆಗಿದ್ದರೆ, ಕ್ಯಾನ್ಸರಿಗೆಲ್ಲ ಕೊಡುವ ಸೈಕ್ಲೋಫಾಸ್ಫಮೈಡ್ ಔಷಧಿ ತಗೊಂಡಿದ್ದರೆ, ಬಹಳ ಕಾಲ ಕ್ಯಾಥೆಟರ್ (ಮೂತ್ರದ ನಳಿಕೆ) ಇದ್ದಿದ್ದರೆ ಡಾಕ್ಟರು ಕೇಳದಿದ್ದರೂ ಹೇಳಿ. ಆಫ್ರಿಕಾ ಕಡೆ ಕೆಲಸಕ್ಕಿದ್ದಾಗ ಅಲ್ಲಿನ ಕೆರೆ, ಹೊಳೆಗೆ ಇಳಿದಿದ್ದರೆ ಅದನ್ನೂ ಹೇಳಿ. ಅಲ್ಲಿ ನೀರಿನಿಂದ ಚರ್ಮದೊಳಗೆ ಹೊಗುವ ಶಿಸ್ಟೊಸೋಮಾ ಹುಳುವೇ ಜಗತ್ತಿನಲ್ಲಿ ಮೂತ್ರಕೋಶದ ಗೋಡೆಗೆ ಕ್ಯಾಲ್ಸಿಯಂ ಕಟ್ಟಲು ದೊಡ್ಡ ಕಾರಣ.

ಮನೆಯಲ್ಲಿ ಉಳಿದ ಮಾತ್ರೆ ನುಂಗಿ ಮೂತ್ರ ಕೊಡಬೇಡಿ. ಈಗಾಗಲೇ ನುಂಗಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಯೂರಾಲಜಿಸ್ಟರ (ಮೂತ್ರರೋಗ ತಜ್ಞರ) ಮೇಜಿನ ಮೇಲೆ ಇಟ್ಟು, ಯಾವತ್ತು ತಗೊಂಡಿದ್ದು ಅಂತ ಹೇಳಿ.