ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ಅಳತೆ, ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) ಬರೆಯುವ ಅಮೆರಿಕದ ಮಾನದಂಡ ಎಎಸ್‌ಎಂಇ ವೈ14.5ರ 2018ರ ಆವೃತ್ತಿ ಬಂದಿದೆಯಲ್ಲ, 2009ರ ಡ್ರಾಯಿಂಗ್‌ಗಳನ್ನೆಲ್ಲ ತಿದ್ದಬೇಕಾ?

ಬೇಡ. ಡ್ರಾಯಿಂಗ್ ಮೇಲೆ ಯಾವ ವರ್ಷದ ಆವೃತ್ತಿ ಬರೆದಿದೆಯೋ ಅದರ ನಿಯಮದಂತೆಯೇ ಅದನ್ನು ಓದಬೇಕು. 2009 ಅಂತ ಇದ್ದರೆ ಇವತ್ತಿಗೂ ಅದು 2009ರದ್ದೇ. ತಲೆನೋವು ವರ್ಷವನ್ನೇ ಬರೆಯದೆ ಬಿಟ್ಟ ಡ್ರಾಯಿಂಗ್‌ಗಳದ್ದು; ಮೊದಲು ಅವನ್ನು ಹುಡುಕಿ.

ಉಳಿದವನ್ನು ಬೇರೆ ಕಾರಣಕ್ಕೆ ರಿವಿಷನ್ ಮಾಡುವಾಗ ಬದಲಾಯಿಸಿಕೊಳ್ಳಿ. ಆದರೆ 2009 ಅಳಿಸಿ 2018 ಅಂತ ಹಾಕಿ ಕೈತೊಳೆದುಕೊಂಡರೆ ಆಗದು. ಹೊಸ ಆವೃತ್ತಿಯಲ್ಲಿ ಕಾನ್ಸೆಂಟ್ರಿಸಿಟಿ (ಏಕಕೇಂದ್ರತೆ), ಸಿಮೆಟ್ರಿ (ಸಮ್ಮಿತಿ) ಎರಡೂ ಚಿಹ್ನೆಗಳನ್ನು ಕೈಬಿಟ್ಟಿದ್ದಾರೆ.

ಸ್ಟೆಪ್ ಶಾಫ್ಟ್ (ಬೇರೆ ಬೇರೆ ವ್ಯಾಸದ ಹಂತಗಳಿರುವ ದಂಡ) ಒಂದರ ಮೇಲೆ ಕಾನ್ಸೆಂಟ್ರಿಸಿಟಿ 0.05 ಮಿ.ಮೀ. ಇದೆ ಅನ್ನಿ. ಹಳೆಯ ವ್ಯಾಖ್ಯೆಯಂತೆ ಮೇಲ್ಮೈಯ ಎದುರುಬದುರು ಬಿಂದುಗಳ ನಡುಬಿಂದುಗಳನ್ನೆಲ್ಲ ಲೆಕ್ಕಹಾಕಬೇಕು. ಅಷ್ಟು ತಾಳ್ಮೆ ಯಾರಿಗಿದೆ? ವಿ ಆಕಾರದ ತೋಡಿರುವ ವಿ-ಬ್ಲಾಕ್ ಮೇಲಿಟ್ಟು ತಿರುಗಿಸಿ, ಅಳೆಯುವ ಡಯಲ್‌ನ ಮುಳ್ಳು ನೋಡಿ ಪಾಸ್ ಮಾಡುವವರೇ ಹೆಚ್ಚು. ಅದು ಅಳೆಯುವುದು ರನೌಟನ್ನು, ಅಂದರೆ ತಿರುಗುವಾಗ ಮೇಲ್ಮೈ ಎಷ್ಟು ಓಲಾಡುತ್ತದೆ ಅನ್ನುವುದನ್ನು! ಹಾಗಾಗಿ ತಿರುಗುವ ಭಾಗಕ್ಕೆ ರನೌಟನ್ನೇ ಬರೆಯಿರಿ. ಒಂದು ಎಚ್ಚರ: ದೀರ್ಘವೃತ್ತದಂತಿರುವ ಶಾಫ್ಟ್ ಕಾನ್ಸೆಂಟ್ರಿಸಿಟಿಯಲ್ಲಿ ಪಾಸಾಗಬಹುದು, ರನೌಟ್‌ನಲ್ಲಿ ದುಂಡುತನದ ದೋಷವೂ ಸೇರಿ ಫೇಲಾಗಬಹುದು. 0.05 ಹಾಗೇ ಉಳಿಸಿದರೆ ಸಪ್ಲೈಯರ್‌ಗೆ ಟಾಲರೆನ್ಸ್ ಬಿಗಿಯಾಗುತ್ತದೆ, ರೇಟೂ ಏರಬಹುದು. ಜೋಡಣೆಗೆ ಕೂತರೆ ಸಾಕು ಅನ್ನುವ ಭಾಗಕ್ಕೆ ಪೊಸಿಷನ್ (ಇರಬೇಕಾದ ಜಾಗದಿಂದ ಎಷ್ಟು ಸರಿಯಬಹುದು ಅನ್ನುವ ಮಿತಿ) ಸಾಕು. ಅದಕ್ಕೆ ಎಂಎಂಸಿ (ಭಾಗದಲ್ಲಿ ಲೋಹ ಅತಿ ಹೆಚ್ಚಿರುವ ಅಳತೆ) ಕೊಟ್ಟರೆ ಫಂಕ್ಷನಲ್ ಗೇಜ್‌ನಲ್ಲೇ (ಜೋಡಿ ಭಾಗದಂತೆ ಕೂರಿಸಿ ನೋಡುವ ಗೇಜ್) ಪೊಸಿಷನ್ ತಪಾಸಣೆ ಮುಗಿಯುತ್ತದೆ.

ಅಂದಹಾಗೆ, ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡ) ಡ್ರಾಯಿಂಗ್‌ಗಳಲ್ಲಿ ಆ ಚಿಹ್ನೆಗಳು ಈಗಲೂ ಇವೆ, ಅರ್ಥ ಮಾತ್ರ ಬೇರೆ. ಅವನ್ನು ಮುಟ್ಟಲು ಹೋಗಬೇಡಿ.