ಬೀಡಿ ಮುಟ್ಟದ ಗಂಡ, ಹೊಗೆ ನಾರುವ ಅಂಗಿ

ಹೆಸರು, ವಯಸ್ಸು, ಕೆಲಸದ ಜಾಗದ ಗುರುತು ಎಲ್ಲ ಬದಲಾಯಿಸಿದ್ದೇನೆ. ಗಂಡನನ್ನು ಶಿವಣ್ಣ ಎನ್ನೋಣ, ಹೆಂಡತಿಯನ್ನು ಜಯಮ್ಮ. ಮಂಡ್ಯದ ಕಡೆಯವರು. ಮೈಸೂರಿನಲ್ಲಿ ನನ್ನ ಬಳಿ ಸಲಹೆ ಕೇಳಲು ಬಂದಿದ್ದು ಸಿಗರೇಟಿನ ಜಗಳಕ್ಕೆ.

"ಇವ್ರು ಕದ್ದು ಸೇದ್ತಾರೆ ಮೇಡಂ. ಬೇಕಾದ್ರೆ ಅಂಗಿ ಮೂಸಿ ನೋಡಿ," ಎಂದರು ಜಯಮ್ಮ.

ಶಿವಣ್ಣ ಕೆಮ್ಮು ನಿಲ್ಲುವವರೆಗೆ ಕಾದರು. "ತಾಯಾಣೆಗೂ ಬೀಡಿ ಮುಟ್ಟಿದವನಲ್ಲ. ಡಾಕ್ಟ್ರು ದಿನಕ್ಕೆಷ್ಟು ಸೇದ್ತೀಯ ಅಂದ್ರು. ಇಲ್ಲ ಸಾರ್ ಅಂದ್ರೆ ನಕ್ಕುಬಿಟ್ರು."

ಅವರು ಒಂದು ರಿಕ್ರಿಯೇಷನ್ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದಾರೆ. ಇಸ್ಪೀಟು ಕೋಣೆಗೆ ಟೀ, ಬೋಂಡ ಕೊಡೋದು, ಹೊಸ ಪ್ಯಾಕ್ ತಂದಿಡೋದು, ಅಂಗಡಿಗೆ ಓಡಿ ಸಿಗರೇಟು ತರೋದು. ಮಧ್ಯಾಹ್ನ ಶುರುವಾದರೆ ರಾತ್ರಿವರೆಗೂ ಅಲ್ಲೇ. ಎ.ಸಿ. ಹಾಕಿಸಿದ ಮೇಲೆ ಕಿಟಕಿಗಳೂ ಮುಚ್ಚಿದವು. ರಮ್ಮಿ ಬಿಸಿ ಏರಿದಂತೆ ಸಿಗರೇಟೂ ಏರುತ್ತೆ. ಸೋತವರು ಒಂದು ಹಚ್ಚುತ್ತಾರೆ, ಗೆದ್ದವರು ಇನ್ನೊಂದು.

ಅವರ ಮಾತು ನಂಬಲು ನನಗೆ ಕಷ್ಟವಾಗಲಿಲ್ಲ. ಸೇದದಿದ್ದರೂ ಹೊಗೆ ಕುಡಿಯುವ ಕೆಲಸಗಳಿವೆ. ಜಯಮ್ಮನಿಗೆ ಅದನ್ನೇ ವಿವರಿಸಿದೆ. ಸಿಗರೇಟಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಪಕ್ಕದಲ್ಲಿ ನಿಂತವರ ಒಳಗೂ ಅವು ಹೋಗುತ್ತವೆ. ಇಷ್ಟರವರೆಗೆ ಕುಡಿದರೆ ಪರವಾಗಿಲ್ಲ ಎನ್ನುವ ಲೆಕ್ಕ ಇದಕ್ಕಿಲ್ಲ. ಎ.ಸಿ. ಕೋಣೆಯನ್ನು ತಂಪು ಮಾಡುತ್ತೆ, ಹೊಗೆಯ ವಿಷ ತೆಗೆಯಲ್ಲ. ಜಯಮ್ಮ ತುಂಬಾ ಹೊತ್ತು ಗಂಡನ ಮುಖ ನೋಡಿದರು. "ಮತ್ತೆ ಮೊದ್ಲೇ ಹೇಳಕ್ಕೇನ್ರೀ?" ಅಂದರು. ಅವರು ಹೇಳಿದ್ದರು, ಪಾಪ. ಕೇಳಿಸಿಕೊಳ್ಳುವವರಿರಲಿಲ್ಲ ಅಷ್ಟೆ.

ಗಂಡಹೆಂಡಿರ ಗಂಟು ಅಲ್ಲಿಗೆ ಸಡಿಲವಾಯಿತು. ಕೆಲಸದ ಗಂಟು ಹಾಗೇ ಉಳಿಯಿತು. "ಕೋಣೇಲಿ ಸೇದಬೇಡಿ ಅಂದ್ರೆ ಮೆಂಬರ್ಸು ಬರಲ್ಲ, ಆಟ ಬಿದ್ದೋಗುತ್ತೆ ಅಂತಾರೆ ಸೆಕ್ರೆಟರಿ," ಎಂದರು ಶಿವಣ್ಣ.

ಇದು ಮಂಡ್ಯದ ಸೆಕ್ರೆಟರಿ ಒಬ್ಬರ ಮಾತಲ್ಲ. ದೊಡ್ಡ ದೊಡ್ಡ ಕ್ಯಾಸಿನೊ ಮಾಲೀಕರೂ ಇದನ್ನೇ ಹೇಳುತ್ತಾ ಬಂದಿದ್ದಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 2006ರಲ್ಲಿ ಒಳಾಂಗಣ ಧೂಮಪಾನ ನಿಲ್ಲಿಸಿದಾಗ ಅಟ್ಲಾಂಟಿಕ್ ಸಿಟಿಯ ಕ್ಯಾಸಿನೊಗಳಿಗೆ ವಿನಾಯಿತಿ ಕೊಟ್ಟಿತು. ಅಲ್ಲಿ ಇಸ್ಪೀಟು ಎಲೆ ಹಂಚುವ ನೌಕರರು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ಚೀನಾದ ಮಕಾವುನ ಕ್ಯಾಸಿನೊಗಳಲ್ಲಿ 2019ರಿಂದ ಬೇರೆಯಾಗಿ ಕಟ್ಟಿದ ಕೋಣೆಯಲ್ಲಷ್ಟೇ ಸೇದಬೇಕು.

ಆಟ ಕಡಿಮೆ ಆಗುತ್ತಾ? ಆಗಬಹುದು. ಸುಳ್ಳು ಧೈರ್ಯ ಹೇಳಲು ನನಗಿಷ್ಟವಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 2002ರ ಸೆಪ್ಟೆಂಬರ್‌ನಿಂದ ಜೂಜಿನ ಜಾಗಗಳಲ್ಲಿ ಸಿಗರೇಟು ನಿಷೇಧವಾಯಿತು. ಜೂಜಿನ ಯಂತ್ರಗಳ ವರಮಾನ ನಿಜಕ್ಕೂ ಇಳಿಯಿತು. ಸೇದಬೇಕಾದರೆ ಎದ್ದು ಹೊರಗೆ ಹೋಗಬೇಕು. ಎದ್ದರೆ ಕೈ ತಪ್ಪುತ್ತೆ. ಹೊರಗೆ ಗಾಳಿ ಬೀಸುತ್ತೆ, ಜೇಬಲ್ಲಿ ಎಷ್ಟು ಉಳಿದಿದೆ ಅಂತ ನೆನಪಾಗುತ್ತೆ. ಮಿತಿ ಮೀರಿ ಆಡುವವನಿಗೆ ಆ ಐದು ನಿಮಿಷದಷ್ಟು ಒಳ್ಳೆ ಔಷಧಿ ಕಡಿಮೆ. ಕ್ಲಬ್ಬಿಗೆ ಇದು ನಷ್ಟವೆಂದರೆ, ಆ ನಷ್ಟಕ್ಕೆ ನಾನಂತೂ ಅಳಲ್ಲ.

ಸಲಹೆಗೆ ಬರುತ್ತೇನೆ. ಮೊದಲು ಎದೆರೋಗದ ಡಾಕ್ಟರ ಬಳಿ ಊದುವ ಪರೀಕ್ಷೆ ಮಾಡಿಸಿ, ಕೆಲಸ ಎಂಥದ್ದು ಅಂತ ಬಿಡಿಸಿ ಹೇಳಿ, ಚೀಟಿ ಬರೆಸಿಕೊಳ್ಳಿ ಎಂದೆ. ಅಂಗಿ ಬದಲಾಯಿಸಿಯೇ ಮನೆಗೆ ಹೊರಡಿ. ಒಬ್ಬರೇ ಹೋಗಿ ಕೇಳಬೇಡಿ, ಅಡುಗೆಯವರು, ವಾಚ್‌ಮನ್ ಜೊತೆಗಿರಲಿ. "ನಿಲ್ಲಿಸಿ" ಅಂತ ಶುರು ಮಾಡಬೇಡಿ. "ಸಾರ್, ನನ್ನ ಎದೆ ಹೀಗಾಗಿದೆ, ಹಿಂದೆ ಹೊಂಗೆ ಮರದ ಕೆಳಗೆ ನಾಲ್ಕು ಕುರ್ಚಿ ಹಾಕಿಕೊಡ್ತೀನಿ" ಅಂತ ಶುರು ಮಾಡಿ. ಸದಸ್ಯರಲ್ಲಿ ಸೇದದವರೂ ಇರುತ್ತಾರೆ ಅಲ್ವಾ? ಅವರಲ್ಲಿ ಹಿರಿಯರೊಬ್ಬರಿಗೆ ಮೊದಲೇ ವಿಷಯ ತಿಳಿಸಿ.

"ಪ್ರೈವೇಟ್ ಕ್ಲಬ್ಬು, ನಮ್ಮಿಷ್ಟ" ಅಂದರೆ? ಕಾನೂನು ನಿಮ್ಮ ಕಡೆ ಇದೆ ಎಂದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ನಿಯಮಗಳು 2008ರ ಅಕ್ಟೋಬರ್ 2ರಿಂದ ಕೆಲಸದ ಜಾಗವನ್ನೂ ಸಾರ್ವಜನಿಕ ಸ್ಥಳವೆಂದೇ ಎಣಿಸುತ್ತವೆ. ಸದಸ್ಯರಿಗೆ ಅದು ಕ್ಲಬ್ಬು, ಶಿವಣ್ಣನಿಗೆ ಕೆಲಸದ ಜಾಗ. ಅಲ್ಲಿ ಆಷ್‌ಟ್ರೇ ಇಡುವಂತಿಲ್ಲ. ಯಾರಿಗೆ ದೂರು ಕೊಡಬೇಕು ಅಂತ ಬೋರ್ಡಿನಲ್ಲಿ ಹೆಸರಿರಬೇಕು. ದೂರು ಬಂದರೂ ಸುಮ್ನಿದ್ದರೆ ಉಸ್ತುವಾರಿಯವರೂ ದಂಡ ಕಟ್ಟಬೇಕು. ಕರ್ನಾಟಕದಲ್ಲಿ ಸೇದುವವರ ದಂಡ 2025ರಲ್ಲಿ 200ರಿಂದ 1000 ರೂಪಾಯಿಗೆ ಏರಿದೆ. ಆದರೆ ಇದನ್ನು ಮೊದಲ ದಿನವೇ ಎತ್ತಬೇಡಿ, ಕೊನೆಗಿಟ್ಟುಕೊಳ್ಳಿ. ನಾಳೆಯೂ ಅವರಿಗೇ ಟೀ ಕೊಡಬೇಕಲ್ಲ.

ಆಗಿದ್ದಿಷ್ಟು. ಕೋಣೆಯಿಂದ ಆಷ್‌ಟ್ರೇಗಳು ಹೋದವು. ಸೇದುವವರು ಮರದ ಕೆಳಗೆ ಹೋಗುತ್ತಾರೆ. ಮಳೆ ಬಂದರೆ ಬಾಗಿಲ ಬಳಿಯೇ ನಿಂತು ಅರ್ಧ ಹೊಗೆ ಒಳಗೆ ಬಿಡುತ್ತಾರೆ. ಕೆಲವರು ಮುನಿಸಿಕೊಂಡು ಬೇರೆ ಕಡೆ ಆಡಲು ಹೋದರು. ಇನ್ನೊಬ್ಬರು ಮಾತ್ರ ಶಿವಣ್ಣನ ಹತ್ತಿರವೇ ಸಿಗರೇಟು ಬಿಡೋದು ಹೆಂಗೋ ಅಂತ ಕೇಳಿದ್ದಾರೆ. 1800-112-356 ಸಹಾಯವಾಣಿಗೆ ಕರೆ ಮಾಡಿಸಿ, ದುಡ್ಡು ಬೀಳಲ್ಲ ಎಂದೆ.

ಕೆಮ್ಮು ಇಳಿದಿದೆ. ಭಕ್ಷೀಸೂ ಇಳಿದಿದೆ. ಸಿಗರೇಟು ತಂದುಕೊಟ್ಟಾಗ ಚಿಲ್ಲರೆ ಇಟ್ಕೊ ಅನ್ನುತ್ತಿದ್ದ ದುಡ್ಡು ಈಗಿಲ್ಲ. ಸಂಬಳ ಎಷ್ಟು ಅಂತ ಕೇಳಿದರೆ ಶಿವಣ್ಣನಿಗೇ ಸರಿಯಾಗಿ ಗೊತ್ತಿಲ್ಲ, ಕೈಗೆ ಕೊಟ್ಟಷ್ಟು! ಹಾಜರಿ ಪುಸ್ತಕದಲ್ಲಿ ಹೆಸರಿದೆಯಾ, ಕನಿಷ್ಠ ವೇತನ ಸಿಗುತ್ತಿದೆಯಾ ಅಂತ ನೋಡಿಕೊಂಡು ಬರಲು ಹೇಳಿದ್ದೇನೆ. ಮುಂದಿನ ಸಲ ಜಯಮ್ಮ ಬರಲೇಬೇಕು ಎಂದಿದ್ದೇನೆ. ಮನೆಯ ಲೆಕ್ಕ ಅವರ ಕೈಯಲ್ಲಿದೆ.