ಕೆಲಸ ಬಿಟ್ಟ ಮೇಲೂ ಕಾಲಿನ ಜೋಮು ಹೆಚ್ಚುತ್ತಿದೆಯೇ?

ಪ್ರಶ್ನೆ: ಪೀಣ್ಯದ ಶೂ ಘಟಕದಲ್ಲಿ ಎರಡು ವರ್ಷ ಸಲ್ಯೂಷನ್ ಹಚ್ಚುತ್ತಿದ್ದೆ. ಎರಡೂ ಪಾದ ಜೋಮು ಹಿಡಿದಿವೆ. ಹವಾಯಿ ಚಪ್ಪಲಿ ಕಾಲಿಂದ ಜಾರಿದರೂ ತಿಳಿಯುವುದಿಲ್ಲ. ಶುಗರ್ ಇಲ್ಲ. ‘ನರ ವೀಕ್‌ನೆಸ್’ ಎಂದು ಹತ್ತು ಬಿ12 ಇಂಜೆಕ್ಷನ್ ಆಗಿದೆ. ಕೆಲಸ ಬಿಟ್ಟು ತಿಂಗಳಾದರೂ ಹೆಚ್ಚುತ್ತಲೇ ಇದೆ. ಹಾಗಾದರೆ ಕೆಮಿಕಲ್ ಕಾರಣ ಅಲ್ಲ ಅಂತಾರೆ ಮಾಲೀಕರು. ಹೌದಾ ಡಾಕ್ಟ್ರೇ?

ಉತ್ತರ: ಅಲ್ಲ. ಈ ವಾದ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಂಟು, ಥಿನ್ನರ್‌ಗಳಲ್ಲಿರುವ ಎನ್-ಹೆಕ್ಸೇನ್ ಎಂಬ ದ್ರಾವಕದ ಗುಣವೇ ಅದು: ಸಂಪರ್ಕ ತಪ್ಪಿದ ಮೇಲೂ ಎರಡು-ಮೂರು ತಿಂಗಳು ನರದ ಹಾನಿ ಮುಂದುವರಿಯಬಹುದು. ಯಕೃತ್ತು ಅದನ್ನು 2,5-ಹೆಕ್ಸೇನ್‌ಡಯೋನ್ ಆಗಿ ಬದಲಿಸುತ್ತದೆ. ನರದೊಳಗಿನ ಎಳೆಗಳನ್ನು ಒಂದಕ್ಕೊಂದು ಅಂಟಿಸಿಬಿಡುವುದು ಇದೇ. ಉದ್ದದ ನರಗಳು ಮೊದಲು ಸೋಲುವುದರಿಂದ ಪಾದದಲ್ಲಿ ಶುರುವಾಗುತ್ತದೆ, ಎರಡೂ ಕಡೆ ಒಂದೇ ಸಮ. ಅದೇ ಅಂಟಿನಲ್ಲಿ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್ ಎಂಬ ಇನ್ನೊಂದು ದ್ರಾವಕ) ಸೇರಿದ್ದರೆ ವಿಷ ಇನ್ನೂ ಜೋರು. ಚೀನಾದ ಸುಝೌನಲ್ಲಿ 2009ರಲ್ಲಿ ಮೊಬೈಲ್ ಪರದೆ ಒರೆಸಲು, ಬೇಗ ಆರುತ್ತದೆಂದು ಆಲ್ಕೋಹಾಲ್ ಬದಲು ಎನ್-ಹೆಕ್ಸೇನನ್ನೇ ಬಳಸಿ 137 ಕಾರ್ಮಿಕರು ಕಾಯಿಲೆ ಬಿದ್ದರು.

ನಿಮ್ಮದೂ ಅದೇ ಎಂದು ಪತ್ರ ಓದಿ ಹೇಳಲಾರೆ. ನರರೋಗ ತಜ್ಞರ ಬಳಿ ಹೋಗಿ, ಎರಡೂ ಕೈ, ಎರಡೂ ಕಾಲುಗಳ ನರವಾಹಕ ಪರೀಕ್ಷೆ (ನರ್ವ್ ಕಂಡಕ್ಷನ್ ಟೆಸ್ಟ್) ಮಾಡಿಸಿ. ಒಂದು ಕಾಲಿನದಷ್ಟೇ ಮಾಡಿ ಕಳಿಸಿದರೆ ಒಪ್ಪಬೇಡಿ. ಮೂತ್ರದಲ್ಲಿ ಹೆಕ್ಸೇನ್‌ಡಯೋನ್ ಹುಡುಕುವ ಕಾಲ ನಿಮಗೆ ಮುಗಿದಿದೆ. ಆ ಪರೀಕ್ಷೆ ಕೆಲಸದಲ್ಲಿರುವವರಿಗೆ, ಅದೂ ವಾರದ ಕೊನೆಯ ಪಾಳಿ ಮುಗಿದಾಗ. ಆದ್ದರಿಂದ ಈಗ ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿ ಡಬ್ಬಿಯ ಲೇಬಲ್. ಅದರ ಫೋಟೊ, ಕಂಪನಿ ಕೊಡಬೇಕಾದ ಸುರಕ್ಷತಾ ಮಾಹಿತಿ ಪತ್ರ, ದಿನಕ್ಕೆಷ್ಟು ಗಂಟೆ ಕೆಲಸ, ಕಿಟಕಿ ಇತ್ತೇ, ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತೇ, ಪಕ್ಕದ ಮೇಜಿನವರಿಗೂ ಜೋಮು ಇದೆಯೇ, ಎಲ್ಲ ಬರೆದುಕೊಂಡು ಹೋಗಿ. ಇದನ್ನು ಕೇಳದೆ ‘ನರ ವೀಕ್‌ನೆಸ್’ ಎಂದು ಸೂಜಿ ಚುಚ್ಚುವುದು ವೈದ್ಯವಲ್ಲ. ಬಿ12 ಚುಚ್ಚಿದ ಮೇಲೆ ರಕ್ತ ನೋಡಿದರೆ ಮೊದಲು ಕೊರತೆ ಇತ್ತೇ ಎಂಬುದೂ ತಿಳಿಯದು.

ಕೆಲವೇ ದಿನಗಳಲ್ಲಿ ಕಾಲಿನ ಬಲ ಕುಸಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ತುರ್ತು ವಿಭಾಗಕ್ಕೆ ಹೋಗಿ. ಇಲ್ಲವಾದರೆ ತಾಳ್ಮೆ ಬೇಕು. ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ. ಚೇತರಿಕೆಗೆ ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ. ಆ ಅಂಟಿನ ಮೇಜಿಗೆ ಮಾತ್ರ ಮರಳಬೇಡಿ.

ಪ್ರಶ್ನೆ: ಹಾಲು, ಬೆಲ್ಲ ತಿಂದರೆ ಕೆಮಿಕಲ್ ಇಳಿಯುತ್ತದೆಯೇ?

ಉತ್ತರ: ಇಲ್ಲ. ಬಟ್ಟೆಯ ಮಾಸ್ಕೂ ಆವಿಯನ್ನು ತಡೆಯುವುದಿಲ್ಲ.

ಪ್ರಶ್ನೆ: ಕಾಲು ನೆನೆಸುವ ಡಿಟಾಕ್ಸ್ ಯಂತ್ರದ ನೀರು ಕಂದು ಬಣ್ಣಕ್ಕೆ ತಿರುಗಿತು. ಅದು ನನ್ನ ವಿಷವೇ?

ಉತ್ತರ: ಅದು ಲೋಹದ ಕಡ್ಡಿಯ ತುಕ್ಕು. ಕಾಲಿಡದೆ ಯಂತ್ರ ಓಡಿಸಿ ನೋಡಿ, ಆಗಲೂ ಕಂದಾಗುತ್ತದೆ.